ತರಬೇತಿ ಮುಗಿದ ಮರುದಿನ

ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ, ಡಿಗ್ರಿ ಸರ್ಟಿಫಿಕೇಟಿನ ಕೆಳಗೆ, ಇನ್ನೊಂದು ಸರ್ಟಿಫಿಕೇಟ್ ಇದೆ. 1995ರದ್ದು. ನಾನು ಹದಿನೈದು ದಿನ ಉದ್ಯಮಶೀಲತಾ ತರಬೇತಿ ಪಡೆದಿದ್ದೇನೆ ಅಂತ ಅದರಲ್ಲಿ ಬರೆದಿದೆ. ಅದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ, ನಾನೂ ತೋರಿಸಿಲ್ಲ. ಕಳೆದ ವಾರ ಅಣ್ಣನ ಮಗಳು ಬಂದು, "ಕಾಕಾ, ನಾನೂ ಟ್ರೇನಿಂಗ್‌ಗೆ ಹೆಸರು ಕೊಟ್ಟೇನಿ" ಅಂದಾಗ ಅದು ನೆನಪಾಯಿತು.

ಆ ಹದಿನೈದು ದಿನಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಮೊದಲ ದಿನದ ಆಟ. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಹಗ್ಗದ ರಿಂಗು. ಎಲ್ಲಿ ಬೇಕಾದರೂ ನಿಂತು ಎಸೆಯಿರಿ, ದೂರ ನಿಂತಷ್ಟೂ ಅಂಕ ಜಾಸ್ತಿ ಅಂದರು. ಕೆಲವರು ಗೂಟದ ಮೇಲೇ ಬಾಗಿ ನಿಂತು ಹಾಕಿದರು. ಇನ್ನು ಕೆಲವರು ಕ್ರಿಕೆಟ್ ಬೌಲರನಂತೆ ಗೋಡೆಗೆ ಬೆನ್ನು ಹಚ್ಚಿ ಒಗೆದರು. ನಾನು ನಡುವೆ ನಿಂತೆ. "ನೋಡ್ರಿ, ಇವರು ಉದ್ಯಮಿ. ಸಾಧ್ಯ ಇರೂ ಅಷ್ಟು ದೂರ, ಆದ್ರ ಶ್ರಮ ಬೇಕಾಗೂ ಅಷ್ಟು ದೂರ" ಅಂತ ತರಬೇತುದಾರರು ನನ್ನ ಬೆನ್ನು ತಟ್ಟಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆ ಆಟ ಎಲ್ಲಿಂದ ಬಂತು ಅಂತ ತಿಳಿದದ್ದು ಬಹಳ ವರ್ಷಗಳ ನಂತರ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ 1961ರಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಕೆಲವು ಸಮಾಜಗಳು ಮುಂದೆ ಬರುವುದಕ್ಕೆ ಕಾರಣ ಅಲ್ಲಿನ ಜನರಲ್ಲಿರುವ ಸಾಧನೆಯ ಹಸಿವು, ಆ ಹಸಿವನ್ನು ಕಲಿಸಬಹುದು ಅನ್ನುವುದು ಅವರ ವಾದ. ಅದನ್ನು ಪರೀಕ್ಷೆಗೆ ಹಚ್ಚಿದ್ದು ಅಮೆರಿಕದಲ್ಲಲ್ಲ, ನಮ್ಮ ಪಕ್ಕದ ಆಂಧ್ರದಲ್ಲಿ. 1964ರಲ್ಲಿ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ತಂಡ ತಂಡವಾಗಿ ಕರೆಸಿ, ಆಟ ಆಡಿಸಿ, ಕಥೆ ಬರೆಸಿ, ಊರಿಗೆ ಕಳಿಸಿದರು. ಮೆಕ್‌ಕ್ಲೆಲಂಡ್ ಮತ್ತು ಡೇವಿಡ್ ವಿಂಟರ್ ಸೇರಿ ಅದರ ಫಲಿತಾಂಶವನ್ನು 1969ರಲ್ಲಿ ಪುಸ್ತಕವಾಗಿ ತಂದರು. ತರಬೇತಿ ಪಡೆದವರು ಉಳಿದವರಿಗಿಂತ ಹೆಚ್ಚು ಚುರುಕಾಗಿದ್ದರು, ಹೊಸ ಉದ್ಯೋಗಕ್ಕೆ ಕೈ ಹಾಕಿದ್ದರು.

ಇದು ನಮ್ಮ ಅಪ್ಪನ ಮಾತಿಗೆ ನೇರ ಉತ್ತರ. "ವ್ಯಾಪಾರ ನಮ್ಮ ಮಂದಿ ಕೆಲಸ ಅಲ್ಲೋ ತಮ್ಮಾ, ಅದಕ್ಕ ಹುಟ್ಟಿ ಬರಬೇಕು" ಅನ್ನುತ್ತಿದ್ದರು ಅವರು. ಧಾರವಾಡದಲ್ಲಿ ಬೆಳೆದವರಿಗೆ ಹಾಗೆ ಅನಿಸಿದರೆ ತಪ್ಪೇನಿಲ್ಲ. ಇಲ್ಲಿನ ಫೇಡೆ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನದವರ ಕೈಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು. ಖಾನಾವಳಿಯ ರೊಟ್ಟಿ ಬಡಿಯುವುದನ್ನೂ ಯಾರೂ ಕ್ಲಾಸಿನಲ್ಲಿ ಕಲಿತಿಲ್ಲ, ಅವ್ವನ ಪಕ್ಕ ಕುಳಿತು ಕಲಿತದ್ದು.

ಆದರೆ ಕಾಕಿನಾಡದ ವರದಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನಮಗೆ ಯಾವ ತರಬೇತಿಯಲ್ಲೂ ಹೇಳಲಿಲ್ಲ. ತರಬೇತಿಯ ಪರಿಣಾಮ ಎದ್ದು ಕಂಡದ್ದು ಅಂಗಡಿಯ ತೀರ್ಮಾನ ಯಾರ ಕೈಯಲ್ಲಿತ್ತೋ ಅಂಥವರಲ್ಲಿ. ಅಪ್ಪನ ಅಥವಾ ಅಣ್ಣನ ಮಾತು ಕೇಳಿ ಗಲ್ಲೆಯ ಮೇಲೆ ಕೂಡುವವರಿಗೆ ಎಷ್ಟು ಹಸಿವು ಹುಟ್ಟಿಸಿದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ.

ನನ್ನ ಕಥೆಯೂ ಅಷ್ಟೇ. ಬಟ್ಟೆ ತೊಳೆಯುವ ಪೌಡರ್ ಮಾಡಬೇಕು ಅಂತ ಪ್ರಾಜೆಕ್ಟ್ ರಿಪೋರ್ಟ್ ಬರೆದೆ. ಸೋಡಾ ಎಷ್ಟು, ಸ್ಲರಿ ಎಷ್ಟು, ಪಾಕೀಟಿಗೆ ಎಷ್ಟು ಉಳಿಯುತ್ತದೆ, ಎಲ್ಲ ಲೆಕ್ಕ ಹಾಕಿದ್ದೆ. ಕೆರೆಯ ಕಡೆ ಇರುವ ನಮ್ಮ ಶೆಡ್ಡಿನಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು ತಂದಿಟ್ಟೆ. (ಕೆಲಗೇರಿ ಕೆರೆಯನ್ನು ಸರ್ ಎಂ.ವಿ. ಕಟ್ಟಿಸಿದ್ದು ಅಂತ ನಮ್ಮೂರಲ್ಲಿ ಸಣ್ಣ ಹುಡುಗರೂ ಹೇಳುತ್ತಾರೆ. 'ಕೈಗಾರಿಕೆ ಮಾಡಿ, ಇಲ್ಲವೇ ನಾಶವಾಗಿ' ಅಂದ ಮನುಷ್ಯನ ಕೆರೆದಂಡೆಯಲ್ಲಿ ನನ್ನ ಕೈಗಾರಿಕೆ!) ಬ್ಯಾಂಕಿನವರು ಜಾಮೀನು ಕೇಳಿದರು. ಅಪ್ಪ ಹೊಲದ ಉತಾರ ಕೊಡಲಿಲ್ಲ. "ನಾಳೆ ಪುಡಿ ಮಾರಾಟ ಆಗಲಿಲ್ಲಂದ್ರ ಹೊಲ ಹೋಗ್ತದ" ಅಂದರು. ತರಬೇತಿ ಕೊಟ್ಟವರು ಆಮೇಲೆ ಒಂದು ಸಲವೂ ಈ ಕಡೆ ತಿರುಗಿ ನೋಡಲಿಲ್ಲ. ನಾನು ಬಿ.ಇಡಿ. ಮಾಡಿ ಮಾಸ್ತರ ಆದೆ.

ಅಪ್ಪನ ಮೇಲೆ ಬಹಳ ವರ್ಷ ಸಿಟ್ಟಿತ್ತು. ಈಗ ಅದು ಅಷ್ಟಿಲ್ಲ. ಸಾಲದ ಅಪಾಯ ಪೂರ್ತಿ ಅವರ ಹೊಲದ ಮೇಲೆ, ಹಸಿವು ಮಾತ್ರ ನನ್ನ ಹೊಟ್ಟೆಯಲ್ಲಿ. ಇದು ಮೊದಲೇ ಗೊತ್ತಿದ್ದವರೂ ಇದ್ದರು. ಗುಜರಾತಿನಲ್ಲಿ 1970ರ ಹೊತ್ತಿಗೆ ಹೊಸಬರಿಗೆ ತರಬೇತಿ ಶುರು ಮಾಡಿದಾಗ, ಅದನ್ನು ಅಲ್ಲಿನ ಹಣಕಾಸು ಸಂಸ್ಥೆಗಳ ಸಾಲಕ್ಕೆ ಜೋಡಿಸಿಯೇ ಮಾಡಿದರು. ಆ ಅನುಭವದ ಮೇಲೆ 1983ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರಮಟ್ಟದ ಉದ್ಯಮಶೀಲತಾ ಸಂಸ್ಥೆ ಹುಟ್ಟಿತು.

ನಮ್ಮ ಕರ್ನಾಟಕದ ಉತ್ತರ ಇನ್ನೂ ಚಂದ ಅಂತ ನನ್ನ ಅಭಿಪ್ರಾಯ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂವರೂ ಸೇರಿ ರುಡ್‌ಸೆಟ್ ಕಟ್ಟಿದರು. (ಆ ಎರಡು ಬ್ಯಾಂಕು 2020ರಲ್ಲಿ ಒಂದೇ ಆದವು.) ಹಳ್ಳಿಯ ಹುಡುಗ ಹುಡುಗಿಯರಿಗೆ ಊಟ, ವಸತಿ ಕೊಟ್ಟು ಪುಕ್ಕಟೆ ಕಲಿಸುವುದು ಒಂದು ಭಾಗ. ಸಾಲ ಕೊಡುವ ಬ್ಯಾಂಕೇ ಕಲಿಸುವ ಮನೆಯ ಯಜಮಾನನೂ ಆಗಿರುವುದು ಎರಡನೆಯ ಭಾಗ. ನನಗೆ ಮುಖ್ಯ ಅನಿಸುವುದು ಮೂರನೆಯದು. ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರು ನಿಮ್ಮ ಬೆನ್ನು ಬಿಡುವುದಿಲ್ಲ. ಶುರು ಮಾಡಿದಿರಾ, ಸಾಲ ಸಿಕ್ಕಿತಾ, ಎಲ್ಲಿ ಅಡಚಣೆ ಅಂತ ಕೇಳುತ್ತಾರೆ. ಮುಂದೆ ಧಾರವಾಡದಲ್ಲೂ ರುಡ್‌ಸೆಟ್ ಬಂತು. 1992ರಲ್ಲಿ ರಾಜ್ಯ ಸರಕಾರದ ಉದ್ಯಮಶೀಲತಾ ಕೇಂದ್ರ ಸಿಡಾಕ್ ಕೂಡ ಇಲ್ಲೇ ಸ್ಥಾಪನೆಯಾಯಿತು. ಬೆಂಗಳೂರಿಗೆ ಹೋಗದೆ ಧಾರವಾಡದಲ್ಲಿ ಉಳಿದ ರಾಜ್ಯಮಟ್ಟದ ಸಂಸ್ಥೆಗಳು ಎಷ್ಟಿವೆ ಹೇಳ್ರಿ? ಆಮೇಲೆ ಕೇಂದ್ರ ಸರಕಾರವೇ ಉಜಿರೆಯ ಮಾದರಿ ಹಿಡಿದು, ಜಿಲ್ಲೆಗೊಂದು ಇಂಥ ಸಂಸ್ಥೆ ಬೇಕು ಅಂತ 2009ರ ಸುಮಾರಿಗೆ ಯೋಜನೆ ಮಾಡಿತು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ ಬಂತು, ಸ್ಟಾರ್ಟಪ್ ಅನ್ನುವ ಶಬ್ದ ಬಂತು. ಅದರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ.

ನಮ್ಮ ವೈನಿ ಹೊಲಿಗೆ ತರಬೇತಿಗೆ ಹೋದದ್ದು ಆ ಮಧ್ಯದ ಕಾಲದಲ್ಲಿ. ಒಬ್ಬರೇ ಹೋಗಲು ಒಪ್ಪಲಿಲ್ಲ. ಎದುರು ಮನೆಯ ಅಕ್ಕಾರನ್ನೂ ಎಳೆದುಕೊಂಡು ಹೋದರು. ಮೂವತ್ತು ದಿನ ಇಬ್ಬರೂ ಒಂದೇ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು ಸಿಟಿ ಬಸ್ಸು ಹತ್ತಿದರು. ಅಲ್ಲಿಯೂ ಒಂದು ಆಟ ಆಡಿಸಿದರಂತೆ. ಕಣ್ಣಿಗೆ ಬಟ್ಟೆ ಕಟ್ಟಿ ಎಡಗೈಯಿಂದ ಮರದ ತುಂಡು ಒಂದರ ಮೇಲೊಂದು ಪೇರಿಸಬೇಕು. ಮನೆಯವರ ಪಾತ್ರದಲ್ಲಿ ಇಬ್ಬರು ಪಕ್ಕದಲ್ಲಿ ಕೂತಿರುತ್ತಾರೆ. ಒಬ್ಬರು "ಸಾಕ್ ಬಿಡು, ಬೀಳ್ತದ" ಅನ್ನುತ್ತಾರೆ, ಇನ್ನೊಬ್ಬರು "ಇನ್ನೊಂದು ಇಡು, ಸ್ವಲ್ಪ ಬಲಕ್ಕ" ಅನ್ನುತ್ತಾರೆ. "ನನಗ ಎಷ್ಟು ಬಂತು ಗೊತ್ತಿಲ್ರಿ, ಆದ್ರ ಅಕ್ಕಾರು ಪಕ್ಕದಾಗ ಕುಂತಾಗ ಹನ್ನೆರಡು ಇಟ್ಟೆ" ಅಂತ ವೈನಿ ನಗುತ್ತಿದ್ದರು. ತರಬೇತಿ ಮುಗಿದ ಮೂರು ತಿಂಗಳಿಗೆ ಅಲ್ಲಿಯ ಮೇಡಮ್ಮು ಮನೆಗೇ ಬಂದು, "ಎಷ್ಟು ಜಂಪರ್ ಹೊಲಿದ್ರಿ?" ಅಂತ ಕೇಳಿದರು. ವೈನಿ ಅಷ್ಟರಲ್ಲಿ ಹೊಲಿದದ್ದು ಬರೀ ಮನೆಯವರದ್ದು. ನಾಚಿಕೆಯಾಗಿ ಮರುವಾರವೇ ಬಾಗಿಲಿಗೆ ಬೋರ್ಡು ಹಾಕಿದರು. ಫಾಲ್, ಪಿಕೋ, ಜಂಪರ್. ಇವತ್ತಿಗೂ ನಡೆದಿದೆ. ದೊಡ್ಡ ಗಳಿಕೆ ಅಲ್ಲ, ಆದರೆ ಅಣ್ಣ ತೀರಿಕೊಂಡ ವರ್ಷ ಮನೆ ನಡೆದದ್ದು ಅದರ ಮೇಲೇ.

ಗೆಳತಿಯ ವಿಷಯ ನಮ್ಮ ಮನೆಯ ಕಾಕತಾಳೀಯ ಅಂದುಕೊಂಡಿದ್ದೆ. ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳೆಯರಿಗೆ ಎರಡು ದಿನದ ತರಬೇತಿ ಕೊಟ್ಟು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವರಿಗೆ ಒಬ್ಬರೇ ಬರಲು ಹೇಳಿದ್ದರು, ಕೆಲವರಿಗೆ ಗೆಳತಿಯೊಬ್ಬಳನ್ನು ಕರೆತರಲು ಹೇಳಿದ್ದರು. ಪಾಠ ಇಬ್ಬರಿಗೂ ಒಂದೇ. ಗೆಳತಿಯೊಂದಿಗೆ ಬಂದವರು ಸಾಲ ತೆಗೆದು ಉದ್ಯೋಗಕ್ಕೆ ಹಾಕಿದ್ದು ಹೆಚ್ಚು, ಆಮೇಲೆ ಮನೆಯ ಆದಾಯವೂ ಹೆಚ್ಚಿತ್ತು. ಒಬ್ಬರೇ ಬಂದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಆಫ್ರಿಕದಿಂದಲೂ ಒಂದು ಸಾಕ್ಷಿ ಇದೆ. ಟೋಗೋ ದೇಶದ ಲೋಮೆಯಲ್ಲಿ 1,500 ಸಣ್ಣ ಉದ್ಯಮಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟ, ಹಣಕಾಸಿನ ಪಾಠ. ಇನ್ನೊಂದಕ್ಕೆ ತಾನೇ ಮುಂದಾಗಿ ಹೊಸದನ್ನು ಹುಡುಕುವ, ಬಿದ್ದರೆ ಮತ್ತೆ ಏಳುವ ರೂಢಿಯ ಪಾಠ. ಮೂರನೆಯ ಗುಂಪಿಗೆ ಏನೂ ಇಲ್ಲ. 2017ರಲ್ಲಿ ಬಂದ ಫಲಿತಾಂಶದಂತೆ ಎರಡನೆಯ ಗುಂಪಿನ ಲಾಭ ಶೇ. 30ರಷ್ಟು ಏರಿತ್ತು. ಲೆಕ್ಕ ಕಲಿತವರದ್ದು ಶೇ. 11, ಅದೂ ಖಚಿತವಾಗಿ ಹೇಳಲಾಗದಷ್ಟು. ಮೆಕ್‌ಕ್ಲೆಲಂಡರ ರಿಂಗು ಅರ್ಧ ಶತಮಾನದ ಮೇಲೆ ಮತ್ತೆ ಗೂಟಕ್ಕೆ ಬಿದ್ದಂತೆ ಕಾಣುತ್ತದೆ. ಆದರೆ ಅಲ್ಲಿಯೂ ಕ್ಲಾಸು ಮುಗಿದ ಮೇಲೆ ನಾಲ್ಕು ತಿಂಗಳು ತರಬೇತುದಾರರು ಅವರವರ ಅಂಗಡಿಗೇ ಹೋಗಿ ಬಂದಿದ್ದರು. ಮೇಲಾಗಿ ಅವರೆಲ್ಲ ಆಗಲೇ ಸ್ವಂತ ಅಂಗಡಿ ಇದ್ದವರು.

ಈಗ ಅಣ್ಣನ ಮಗಳು ಸಜ್ಜಿ, ಜೋಳದ ಕಡಕ್ ರೊಟ್ಟಿ ಪ್ಯಾಕ್ ಮಾಡಿ ಮಾರುವ ಯೋಚನೆಯಲ್ಲಿದ್ದಾಳೆ. ಸಣ್ಣ ಉದ್ಯಮಗಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಒತ್ತೆ ಕೇಳಬಾರದು ಅಂತ ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿದೆ, ಹಾಗಾಗಿ ಉತಾರದ ಮಾತು ಬರಲಿಲ್ಲ. ಅವಳು ಕೇಳಿದ್ದು ಶೆಡ್ಡು. ಅದು ಅಣ್ಣನ ಮತ್ತು ನನ್ನ ಜಂಟಿ ಹೆಸರಿನಲ್ಲಿದೆ, ನನ್ನ ಒಪ್ಪಿಗೆ ಪತ್ರ ಬೇಕು.

ನನ್ನ ಬಾಯಿಂದ ಮೊದಲು ಬಂದ ಮಾತು, "ಮೊದಲ ಟ್ರೇನಿಂಗ್ ಮುಗಿಸು, ಆಮ್ಯಾಲೆ ನೋಡೋಣ." ಥೇಟ್ ಅಪ್ಪನ ಧ್ವನಿ. ಅವಳು ಏನೂ ಅನ್ನದೆ ಕಾಗದ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ವೈನಿ ಮಷೀನು ತುಳಿಯುವುದನ್ನು ನಿಲ್ಲಿಸಿದರು.

ಎರಡು ದಿನ ಬಿಟ್ಟು ನಾನೇ ಹೋಗಿ ಸಹಿ ಹಾಕಿ ಬಂದೆ. ಜೊತೆಗೆ ಯಾರು ಬರುತ್ತಾರೆ ತರಬೇತಿಗೆ ಅಂತ ಕೇಳಿದೆ. ಕಾಲೇಜಿನ ಗೆಳತಿಯೊಬ್ಬಳು ಬರುತ್ತಾಳಂತೆ. ನಿನ್ನೆ ಮೂವರೂ ಸೇರಿ ಶೆಡ್ಡಿನ ಬೀಗ ತೆಗೆದೆವು. ಕೀಲಿ ಜಂಗು ಹಿಡಿದಿತ್ತು, ಎಣ್ಣೆ ಹಾಕಬೇಕಾಯಿತು. ಒಳಗೆ ನನ್ನ ಎರಡು ಡ್ರಮ್ಮು ಹಾಗೇ ಇದ್ದವು. "ಕಾಕಾ, ಇವನ್ನ ನೀರಿಗೆ ಇಟ್ಕೋಬಹುದಾ?" ಅಂದಳು. ತೊಳೆದು ನೋಡಿದೆವು. ಒಂದು ಸೋರುತ್ತಿತ್ತು, ಇನ್ನೊಂದು ಗಟ್ಟಿ ಇದೆ.