ಆರೋಗ್ಯ ಮನೋವಿಜ್ಞಾನದಲ್ಲಿ ಸ್ವತಂತ್ರ ಅಧ್ಯಯನ: ಕ್ಷಯರೋಗದ ನಿದರ್ಶನ

ಕಾಯಿಲೆ ಬಂದಾಗ ಮನುಷ್ಯ ಏನನ್ನು ನಂಬುತ್ತಾನೆ, ಯಾರ ಮಾತು ಕೇಳುತ್ತಾನೆ, ಮಾತ್ರೆಯನ್ನು ಯಾವಾಗ ಬಿಡುತ್ತಾನೆ? ಇವು ಆರೋಗ್ಯ ಮನೋವಿಜ್ಞಾನದ ಪ್ರಶ್ನೆಗಳು. ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡದೆ ರೋಗ ಅರ್ಥವಾಗದು ಎಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ವಾದಿಸಿದರು. ಮರುವರ್ಷ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನೇ ತೆರೆಯಿತು.

ಅಧ್ಯಯನದ ಸ್ವರೂಪ

ಸ್ವತಂತ್ರ ಅಧ್ಯಯನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ವಿಷಯವನ್ನು ತಾವೇ ಆರಿಸಿಕೊಂಡು, ಗೈಡ್ ಒಬ್ಬರ ನೆರವಿನಿಂದ ಓದಿ, ಬೇಕಿದ್ದರೆ ಕ್ಷೇತ್ರಕಾರ್ಯವನ್ನೂ ಮಾಡಿ ಪ್ರಬಂಧ ಬರೆಯುತ್ತಾರೆ. ವಿಷಯ ಕಿರಿದಾದಷ್ಟೂ ಒಳ್ಳೆಯದು. ‘ಸಕ್ಕರೆ ಕಾಯಿಲೆ ಮತ್ತು ಮನಸ್ಸು’ ಎಂದರೆ ಜೀವಮಾನ ಸಾಲದು. ಇನ್ಸುಲಿನ್ ಚುಚ್ಚಿಕೊಳ್ಳಲು ಹಿಂಜರಿಯುವವರ ಭಯ ಎಂದರೆ ಒಂದು ಪ್ರಬಂಧಕ್ಕೆ ಹೊಂದುತ್ತದೆ.

ತಪ್ಪು ಯಾರದು?

ವಿಷಯದ ಜೊತೆಗೆ ಪ್ರಶ್ನೆಯನ್ನು ಹೇಗೆ ಕೇಳುತ್ತೇವೆ ಎಂಬುದೂ ಮುಖ್ಯ; ಕ್ಷಯರೋಗ ಇದಕ್ಕೆ ನಿದರ್ಶನ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಗೆ ಒಂದು ಒಗಟು ಎದುರಾಯಿತು. ಕ್ಷಯ ಪತ್ತೆಗೆ ಎದೆಯ ಎಕ್ಸ್‌ರೇ ಸುಲಭವಾಗಿ ಸಿಗುತ್ತಿದ್ದರೂ ಎಷ್ಟೋ ಜನ ಬರುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಗಾಡ್‌ಫ್ರಿ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮುಂತಾದವರು ಉತ್ತರವನ್ನು ಜನರ ನಂಬಿಕೆಯಲ್ಲಿ ಹುಡುಕಿದರು: ರೋಗ ನನಗೂ ಬರಬಹುದೆಂಬ ಅರಿವು, ಪರೀಕ್ಷೆಯಿಂದ ಪ್ರಯೋಜನವಿದೆಯೆಂಬ ಭರವಸೆ. ‘ಹೆಲ್ತ್ ಬಿಲೀಫ್ ಮಾಡೆಲ್’ ಹುಟ್ಟಿದ್ದು ಹೀಗೆ.

ಅದೇ ರೋಗದ ಬಗ್ಗೆ ನಮ್ಮ ತುಮಕೂರು ಜಿಲ್ಲೆಯಲ್ಲಿ ನಡೆದ ಅಧ್ಯಯನ ಪ್ರಶ್ನೆಯ ದಿಕ್ಕನ್ನೇ ತಿರುಗಿಸಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಅದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹಾಗೆ ಆಸ್ಪತ್ರೆಗೆ ಹೋದ ಎಷ್ಟೋ ಮಂದಿ ರೋಗ ಪತ್ತೆಯಾಗದೆ, ಕೆಮ್ಮಿನ ಔಷಧಿ ಹಿಡಿದು ಮರಳಿದ್ದರು. ಅಜ್ಞಾನ ರೋಗಿಯದೆಂದು ಮೊದಲೇ ತೀರ್ಮಾನಿಸಿ ಹೊರಡುವ ವಿದ್ಯಾರ್ಥಿಗಳು ಈ ಅಧ್ಯಯನವನ್ನು ಓದಲೇಬೇಕು.

ಮಾತ್ರೆ ಬಿಡುವುದೇಕೆ?

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ರೂಢಿಯಲ್ಲಿದೆ. ಕೆಲವೇ ವಾರಗಳಲ್ಲಿ ಜ್ವರ ಇಳಿದು ಹಸಿವು ಹುಟ್ಟುತ್ತದೆ. ವಾಸಿಯಾಯಿತಲ್ಲ, ಇನ್ನೇಕೆ ಮಾತ್ರೆ ಎನಿಸುತ್ತದೆ. ಕ್ಷಯದ ಔಷಧ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ, ಆದರೆ ಮೊದಲೇ ಹೇಳದಿದ್ದರೆ ಗಾಬರಿಯಾಗುತ್ತದೆ. ಕೂಲಿ ಬಿಟ್ಟು ಆಸ್ಪತ್ರೆಗೆ ಬರುವ ಕಷ್ಟ ಬೇರೆ. ಮಾತ್ರೆ ಬಿಡುವುದು ಕ್ಷಯಕ್ಕೆ ಸೀಮಿತವೂ ಅಲ್ಲ: ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗಳಲ್ಲಿ ಔಷಧ ಪಾಲನೆ ಸರಾಸರಿ ಶೇ. 50ರಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತು.

ಔಷಧ ಎಷ್ಟು ಅಗತ್ಯವೆನಿಸುತ್ತದೆ, ಅದರ ಬಗ್ಗೆ ಎಷ್ಟು ಅಂಜಿಕೆಯಿದೆ ಎಂಬೆರಡನ್ನು ಅಳೆಯಲು ಬ್ರಿಟನ್ನಿನ ರಾಬರ್ಟ್ ಹಾರ್ನ್ ಮತ್ತು ಸಂಗಡಿಗರ ಪ್ರಶ್ನಾವಳಿ 1999ರಿಂದ ಬಳಕೆಯಲ್ಲಿದೆ. ಇಂಥವನ್ನು ಕನ್ನಡಕ್ಕೆ ತಂದವರು, ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ ಮೂಲದೊಡನೆ ಹೋಲಿಸಬೇಕು. ಅಂಕಗಳ ಜೊತೆಗೆ ಕೆಲವರೊಂದಿಗಾದರೂ ಕುಳಿತು ಮಾತನಾಡುವುದು ಮೇಲು. ತುಮಕೂರಿನ ಸತ್ಯ ಹೊರಬಂದದ್ದು ರೋಗಿಗಳನ್ನು ಕೇಳಿದ್ದರಿಂದ.

ನೈತಿಕ ಅನುಮತಿ

ರೋಗಿಗಳನ್ನು ಭೇಟಿಯಾಗುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದನ್ನು ವಿವರಿಸುತ್ತದೆ. ರೋಗಿಯ ಸಮ್ಮತಿ ಸಹಿಯಲ್ಲಿ ಮುಗಿಯದು. ಒಲ್ಲೆನೆಂದರೆ ಚಿಕಿತ್ಸೆಗೆ ತೊಂದರೆಯಿಲ್ಲವೆಂದು ಅವರಿಗೆ ಮನದಟ್ಟಾಗಬೇಕು. ಕ್ಷಯದ ವಿಷಯದಲ್ಲಿ ಮಾತನಾಡುವ ಜಾಗವೂ ಮುಖ್ಯ. ಫೈಲು ಹಿಡಿದು ಮನೆ ಬಾಗಿಲಿಗೆ ಹೋದರೆ ಬೀದಿಗೆಲ್ಲ ಸುದ್ದಿಯಾದೀತು. ಎಲ್ಲಿ ಸಿಗೋಣ ಎಂಬುದನ್ನು ರೋಗಿಯೇ ಹೇಳಲಿ.