ಕಟ್ಟಿದ ಅಂಕಿ, ಕಲಿಸುವ ಸತ್ಯ

ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯ ಬಂತೆಂದರೆ ಕೋಷ್ಟಕಗಳ ಸಾಲೇ ಎದುರಾಗುತ್ತದೆ. ಯಾವುದೋ ಊರು, ಯಾರದೋ ಮನೆ, ಯಾರದೋ ಅಂಕಗಳು. ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಯಿರಿ ಎಂಬ ಪ್ರಶ್ನೆ. ಈ ಅಂಕಿಗಳು ಬಹುಮಟ್ಟಿಗೆ ಲೆಕ್ಕದ ಅನುಕೂಲಕ್ಕೆ ಹೆಣೆದವು. ಹಾಗಿದ್ದರೆ ಕಟ್ಟಿದ ಅಂಕಿಯಿಂದ ನಿಜವನ್ನು ಕಲಿಸುವುದು ಸಾಧ್ಯವೇ?

ಕಟ್ಟಿದ ಅಂಕಿಯ ಕಥೆ ಹಳೆಯದು. ಬ್ರಿಟಿಷ್ ಭಾರತದಾದ್ಯಂತ ಮೊದಲ ಏಕಕಾಲದ ಜನಗಣತಿ ನಡೆದದ್ದು 1881ರಲ್ಲಿ. ನೆಲೋಗಿ, ಜೇವರ್ಗಿ, ಆಳಂದ, ಅಫಜಲಪುರಗಳಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೂ ಆ ವರ್ಷ ತಲೆ ಎಣಿಕೆಯಾಯಿತು. ಹುಟ್ಟಿದ ದಿನ ಬರೆದಿಡುವ ರೂಢಿಯಿಲ್ಲದ ಕಾಲ. ವಯಸ್ಸು ಕೇಳಿದರೆ ‘ನಲವತ್ತು ಆಗಿರಬೇಕು, ಬರಕೋರಿ’ ಎನ್ನುವ ಬಗೆಯ ಉತ್ತರ. ಹೀಗಾಗಿ ದೇಶದ ಗಣತಿಗಳಲ್ಲಿ 30, 35, 40 ವರ್ಷದವರ ಗುಂಪು ಉಬ್ಬಿ, 39, 41ರವರು ಕಾಣೆಯಾಗುತ್ತಿದ್ದರು. ಇಲ್ಲಿ ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ. ಆದರೂ ಅಂದಾಜು ತನ್ನ ಗುರುತು ಬಿಟ್ಟೇ ಹೋಯಿತು.

ಈ ಗುರುತನ್ನು ಹುಡುಕುವುದನ್ನೇ ಶಾಸ್ತ್ರವಾಗಿಸಿದವರಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಪ್ರಮುಖರು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಸ್ಥಾಪಿಸಿದ ಅವರು, ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಗಳಲ್ಲಿ ಒಂದು ಸರಳ ಉಪಾಯ ಹೂಡಿದರು. ಒಂದೇ ಪ್ರದೇಶದ ಸಮೀಕ್ಷೆಯನ್ನು ಎರಡು ತಂಡಗಳಿಗೆ ಬೇರೆ ಬೇರೆಯಾಗಿ ಒಪ್ಪಿಸುವುದು, ಬಂದ ಫಲಿತಾಂಶಗಳನ್ನು ತಾಳೆ ನೋಡುವುದು. ಹೊಲಕ್ಕೆ ಹೋಗದೆ ಮನೆಯಲ್ಲಿ ಕುಳಿತು ಬರೆದವನ ಲೆಕ್ಕ ಇದರಿಂದ ಬಯಲಾಗಬಹುದಿತ್ತು.

ಆ ಸಂಸ್ಥೆಯಲ್ಲೇ ಬೆಳೆದ ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಬಳ್ಳಾರಿ ಸೀಮೆಯ ಹೂವಿನಹಡಗಲಿಯಲ್ಲಿ. 1945ರ ಪ್ರಬಂಧದಿಂದ ಜಗತ್ತಿಗೆ ಪರಿಚಿತರಾದ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. 1989ರ ‘ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರುತ್’ ಕೃತಿಯಲ್ಲಿ ಅವರು ಕೃತಕ ಅಂಕಿಗಳನ್ನು ಪತ್ತೆ ಹಚ್ಚುವ ಬಗೆಯನ್ನು ಚರ್ಚಿಸಿದ್ದಾರೆ.

ತರಗತಿಯಲ್ಲೂ ಇದನ್ನು ಪರೀಕ್ಷಿಸಬಹುದು. ಅರ್ಧ ಮಕ್ಕಳು ನಾಣ್ಯವನ್ನು ನೂರು ಸಲ ಚಿಮ್ಮಿ ಬರೆಯಲಿ. ಉಳಿದರ್ಧ ಮನಸ್ಸಿನಲ್ಲೇ ಚಿಮ್ಮಿ ಬರೆಯಲಿ. ನಿಜವಾದ ನೂರು ಚಿಮ್ಮುಗಳಲ್ಲಿ ಒಂದೇ ಮುಖ ಸತತ ಐದು ಸಲ ಬೀಳುವುದು ಹೆಚ್ಚುಕಡಿಮೆ ಖಚಿತ. ಊಹಿಸಿ ಬರೆಯುವವರು ಸಾಮಾನ್ಯವಾಗಿ ಅದಕ್ಕೆ ಅಂಜುತ್ತಾರೆ.

ಕಟ್ಟಿದ ಅಂಕಿಗೆ ಗೌರವದ ಸ್ಥಾನ ದೊರೆತದ್ದು 1993ರಲ್ಲಿ. ಜನರ ಗುಟ್ಟು ಕಾಯಲು ಅವರ ನಿಜ ಉತ್ತರಗಳ ಬದಲು, ಅದೇ ಲಕ್ಷಣವಿರುವ ಕೃತಕ ಉತ್ತರಗಳನ್ನು ಪ್ರಕಟಿಸಬಹುದೆಂದು ಅಮೆರಿಕದ ಡೊನಾಲ್ಡ್ ರೂಬಿನ್ ಸೂಚಿಸಿದರು. ಈ ಸೂಚನೆ ಶಾಲೆಗೆ ಹೆಚ್ಚು ಒಪ್ಪುತ್ತದೆ. ಭೀಮಾ ತೀರದ ತೊಗರಿ ಸೀಮೆಯಲ್ಲಿ, ಮಾಜಿ ಮುಖ್ಯಮಂತ್ರಿ ಧರಂ ಸಿಂಗ್ ಅವರ ಹುಟ್ಟೂರಾದ ನೆಲೋಗಿಯಂಥ ಕಡೆ, ತರಗತಿಯ ಎಲ್ಲರಿಗೂ ಎಲ್ಲರ ಮನೆ ಗೊತ್ತು. ‘ಯಾರು ಕೂಲಿಗೆ ಹೋಗುತ್ತೀರಿ, ಯಾರ ಮದುವೆಯ ಮಾತು ನಡೆದಿದೆ’ ಎಂದು ಹೆಸರಿಲ್ಲದೆ ಕೇಳಿದರೂ ಉತ್ತರ ಯಾರದೆಂದು ತಿಳಿದೀತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ.

ಇದಕ್ಕೆ ಕಂಪ್ಯೂಟರೂ ಬೇಕಿಲ್ಲ. ಮಡಕೆಯಲ್ಲಿ ಹತ್ತು ಚೀಟಿ. ಆರರಲ್ಲಿ ‘ರಜೆಯಲ್ಲಿ ಹೊಲದ ಕೆಲಸ ಉಂಟು’, ನಾಲ್ಕರಲ್ಲಿ ‘ಇಲ್ಲ’. 40 ಮಕ್ಕಳು ಒಬ್ಬೊಬ್ಬರಾಗಿ ಎತ್ತಿ, ನೋಡಿ, ಮರಳಿ ಹಾಕಬೇಕು. 24 ‘ಉಂಟು’ ನಿರೀಕ್ಷಿತ. ಬರುವುದು ಒಮ್ಮೆ 21, ಒಮ್ಮೆ 26. ಸಮೀಕ್ಷೆಯಿಂದ ಸಮೀಕ್ಷೆಗೆ ಅಂಕಿ ಏಕೆ ಬದಲಾಗುತ್ತದೆಂಬುದು ಕೈಗೇ ತಿಳಿಯುತ್ತದೆ.

ಆದರೆ ಎಚ್ಚರಿಕೆಯೊಂದಿದೆ. ಹೊಲದ ಕೆಲಸಕ್ಕೊಂದು, ಶಾಲೆಯ ಹಾಜರಿಗೊಂದು ಎಂದು ಎರಡು ಮಡಕೆಗಳಿಂದ ಚೀಟಿ ಎತ್ತಿದರೆ, ಇವೆರಡರ ನಡುವಿನ ನಂಟೇ ಕಳಚಿಹೋಗುತ್ತದೆ. ಕೆಲಸಕ್ಕೆ ಹೋಗುವ ಮಗು ಶಾಲೆ ತಪ್ಪಿಸುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಕಟ್ಟುವವರು ಇಟ್ಟ ನಂಟಷ್ಟೇ ಕಟ್ಟಿದ ಅಂಕಿಯಲ್ಲಿ ಇರುತ್ತದೆ.

ಆದ್ದರಿಂದ ಹಾಳೆಯ ನೆತ್ತಿಯ ಮೇಲೆ ‘ಇದು ಕಲ್ಪಿತ’ ಎಂದು ದೊಡ್ಡಕ್ಷರದಲ್ಲಿ ಬರೆದಿರಬೇಕು. ಹೇಳಿ ಕಟ್ಟಿದರೆ ಅದು ಪಾಠ, ಹೇಳದೆ ಕಟ್ಟಿದರೆ ಮೋಸ.