ಖಾಲಿ ಬಿಟ್ಟ ವರ್ಷಗಳು

ಸಲಹೆಗಾರರನ್ನು ಪರಿಚಯಿಸುವ ಹಾಳೆಗಳಿಗೆ ಒಂದು ಕ್ರಮವಿದೆ. ಇಂತಿಷ್ಟು ವರ್ಷ ಸಂಶೋಧನೆ, ಇಂತಿಷ್ಟು ವರ್ಷ ಕಂಪ್ಯೂಟರ್ ಕಂಪನಿಯಲ್ಲಿ ದುಡಿಮೆ, ಜೊತೆಗೆ ಇಂಥ ಕಡೆ ಸ್ವಯಂಸೇವೆ. ಗಂಡಸರ ಹಾಳೆಯಲ್ಲಿ ಒಂದು ಕೆಲಸ ಮುಗಿಯುವಲ್ಲೇ ಇನ್ನೊಂದು ಶುರುವಾಗಿರುತ್ತದೆ, ಮಣಿಗೆ ಮಣಿ ಪೋಣಿಸಿದ ಹಾಗೆ. ಹೆಂಗಸರ ಹಾಳೆಯಲ್ಲಿ ಮಾತ್ರ ನಡುನಡುವೆ ಬರೀ ದಾರ ಕಾಣುತ್ತದೆ. ಐದು ವರ್ಷ, ಎಂಟು ವರ್ಷ, ಕೆಲವೊಮ್ಮೆ ಹದಿನೈದು ವರ್ಷ. ಆಗ ಏನಾಯಿತೆಂದು ನಮಗೆಲ್ಲ ಗೊತ್ತು. ಮದುವೆ, ಬಾಣಂತನ, ಮಕ್ಕಳ ಶಾಲೆ, ಹಿರಿಯರ ಕಾಯಿಲೆ. ಗೊತ್ತಿದ್ದೂ ಯಾರೂ ಬರೆಯುವುದಿಲ್ಲ.

ನನ್ನ ತಮ್ಮನ ಮಗಳು ಕಂಪ್ಯೂಟರ್ ಓದಿದವಳು. ಚಿಕ್ಕ ಮಗು ಶಾಲೆಗೆ ಸೇರಿದ ಮೇಲೆ ಮತ್ತೆ ಕೆಲಸಕ್ಕೆ ಅರ್ಜಿ ಹಾಕಲು ಕೂತವಳು, "ಅತ್ತೆ, ಈ ಏಳು ವರ್ಷಕ್ಕೆ ಏನಂತ ಬರೀಲಿ?" ಎಂದು ಕೇಳಿದಳು. ಆ ಏಳು ವರ್ಷಗಳಲ್ಲಿ ಅವಳು ಎರಡು ಮಕ್ಕಳನ್ನು ಹೆತ್ತು ಸಾಕಿದ್ದಳು, ಹಾಸಿಗೆ ಹಿಡಿದ ಮಾವನವರನ್ನು ನೋಡಿಕೊಂಡಿದ್ದಳು, ಬೀದಿಯ ಮಕ್ಕಳಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಟ್ಟಿದ್ದಳು. ಅರ್ಜಿಯಲ್ಲಿ ಇದಕ್ಕೆಲ್ಲ ಕಾಲಂ ಇರಲಿಲ್ಲ. ನಾನು ಅವಳಿಗೆ ಸ್ಟೆಫನಿ ಶರ್ಲಿಯವರ ಕಥೆ ಹೇಳಿದೆ. ಅದನ್ನೇ ಇಲ್ಲಿ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಆಕೆ ಹುಟ್ಟಿದ್ದು 1933ರಲ್ಲಿ, ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ. ತಂದೆ ತಾಯಿ ಇಟ್ಟ ಹೆಸರು ವೆರಾ. ತಂದೆ ಯಹೂದಿ, ವೃತ್ತಿಯಲ್ಲಿ ನ್ಯಾಯಾಧೀಶರು. ಹಿಟ್ಲರನ ಆಳ್ವಿಕೆಯಲ್ಲಿ ಅಂಥವರ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ. 1939ರಲ್ಲಿ, ಮಕ್ಕಳನ್ನಷ್ಟೇ ಇಂಗ್ಲೆಂಡಿಗೆ ಸಾಗಿಸುತ್ತಿದ್ದ ರೈಲಿಗೆ ವಿಯೆನ್ನಾದಲ್ಲಿ ಐದು ವರ್ಷದ ವೆರಾಳನ್ನೂ ಒಂಬತ್ತು ವರ್ಷದ ಅಕ್ಕನನ್ನೂ ಹತ್ತಿಸಿ ಕಳಿಸಿದರು. ಯುದ್ಧ ಶುರುವಾಗುವ ಮುನ್ನ ಹೀಗೆ ಪಾರಾದ ಮಕ್ಕಳು ಸುಮಾರು 10,000. ಇಂಗ್ಲೆಂಡಿನ ದಂಪತಿಗಳೊಬ್ಬರು ಈ ಅಕ್ಕ ತಂಗಿಯರನ್ನು ಸಾಕಿದರು. ಹುಡುಗಿಗೆ ಗಣಿತವೆಂದರೆ ಪ್ರಾಣ. ಆದರೆ ಹುಡುಗಿಯರ ಶಾಲೆಯಲ್ಲಿ ಅವಳಿಗೆ ಬೇಕಾದಷ್ಟು ಗಣಿತ ಕಲಿಸುವವರಿರಲಿಲ್ಲ. ಆ ಪಾಠಕ್ಕಾಗಿ ಹುಡುಗರ ಶಾಲೆಗೆ ಹೋಗಿ ಕೂರಬೇಕಾಯಿತು.

ಹದಿನೆಂಟಕ್ಕೆ ಕೆಲಸ. ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರ ಅದು. ಯುದ್ಧಕಾಲದಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಒಡೆಯಲು ಟಾಮಿ ಫ್ಲವರ್ಸ್ 'ಕೊಲೊಸಸ್' ಯಂತ್ರವನ್ನು ಕಟ್ಟಿದ್ದು ಅಲ್ಲಿಯೇ. ಹಗಲು ಅಲ್ಲಿ ದುಡಿಮೆ, ಸಂಜೆ ತರಗತಿ. ಹೀಗೆ ಆರು ವರ್ಷ ಓದಿ ಆಕೆ ಗಣಿತದ ಪದವಿ ಪಡೆದರು. ಆಕೆಯ ಸಂಶೋಧನೆಯ ಹಿನ್ನೆಲೆ ಕಟ್ಟಿಕೊಂಡದ್ದು ಹೀಗೆ, ದಣಿದ ಸಂಜೆಗಳಲ್ಲಿ.

1959ರಲ್ಲಿ ಡೆರೆಕ್ ಶರ್ಲಿ ಎಂಬ ಭೌತವಿಜ್ಞಾನಿಯೊಡನೆ ಮದುವೆಯಾಯಿತು. ಆಮೇಲೆ ಸೇರಿದ ಕಂಪ್ಯೂಟರ್ ಕಂಪನಿಯಲ್ಲಿ, ಬೆಲೆ ನಿಗದಿಯ ಮಾತು ನಡೆಯುತ್ತಿದ್ದಾಗ ಆಕೆ ಏನೋ ಹೇಳಹೋದರೆ, ಅದು ನಿನಗೆ ಸಂಬಂಧಿಸಿದ್ದಲ್ಲ ಎಂದು ಬಾಯಿ ಮುಚ್ಚಿಸಿದರಂತೆ. 1962ರಲ್ಲಿ ಆಕೆ ತಮ್ಮದೇ ಕಂಪನಿ ತೆರೆದರು. ಬಂಡವಾಳ 6 ಪೌಂಡ್. ಕಚೇರಿ ಎಂದರೆ ಮನೆಯ ಊಟದ ಮೇಜು. ಕಂಪ್ಯೂಟರ್ ಕೊಂಡರೆ ಪ್ರೋಗ್ರಾಂ ಪುಕ್ಕಟೆ ಬರುತ್ತಿದ್ದ ಕಾಲ ಅದು. ಬರೀ ಪ್ರೋಗ್ರಾಂ ಮಾರುತ್ತೇನೆ ಎಂದರೆ ಜನ ನಕ್ಕರು. ಮಾರುವವಳು ಹೆಂಗಸು ಎಂದರೆ ಇನ್ನೂ ಹೆಚ್ಚು ನಕ್ಕರು. ಕಂಪನಿಗಳಿಗೆ ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಆಗ ಗಂಡ ಒಂದು ಉಪಾಯ ಹೇಳಿದರು. 'ಸ್ಟೆಫನಿ' ಎಂದು ಸಹಿ ಮಾಡುವ ಬದಲು, ಮನೆಯಲ್ಲಿ ಕರೆಯುವ ಹಾಗೆ 'ಸ್ಟೀವ್' ಎಂದು ಮಾಡಿದರಾಯಿತು. ಗಂಡಸಿನ ಹೆಸರು ಕಂಡದ್ದೇ ತಡ, ಬಾಗಿಲುಗಳು ತೆರೆದುಕೊಂಡವು. ಒಳಗೆ ಬಂದದ್ದು ಹೆಂಗಸೆಂದು ಗೊತ್ತಾಗುವಷ್ಟರಲ್ಲಿ ಮಾತುಕತೆ ಶುರುವಾಗಿರುತ್ತಿತ್ತು!

ಆಕೆ ಕೆಲಸಕ್ಕೆ ತೆಗೆದುಕೊಂಡದ್ದು ಯಾರನ್ನು ಎಂಬುದು ನನಗೆ ಈ ಕಥೆಯ ತಿರುಳು. ಗಣಿತ ಓದಿ, ಕಂಪ್ಯೂಟರ್ ಕೆಲಸದಲ್ಲಿ ಪಳಗಿ, ಮದುವೆಯಾದ ಮೇಲೋ ಮೊದಲ ಮಗುವಾದ ಮೇಲೋ ಮನೆ ಸೇರಿದ್ದ ಹೆಂಗಸರನ್ನು ಆಕೆ ಹುಡುಕಿದರು. ಬೇರೆಯವರಿಗೆ ಅವರು ಕೆಲಸ ಬಿಟ್ಟವರು. ಶರ್ಲಿಯವರಿಗೆ ಅವರು ಕೆಲಸ ಬಲ್ಲವರು. ಎರಡು ಮಾತಿಗೂ ಎಷ್ಟು ದೂರ ನೋಡಿ.

ಆಗಿನ ತಂತ್ರಜ್ಞಾನವೂ ಇದಕ್ಕೆ ಒದಗಿ ಬಂತು. ಪ್ರೋಗ್ರಾಂ ಬರೆಯಲು ಎದುರಿಗೆ ಕಂಪ್ಯೂಟರ್ ಬೇಕಾಗಿರಲಿಲ್ಲ. ಪೆನ್ಸಿಲಿನಿಂದ ಕಾಗದದ ಮೇಲೆ ಸಾಲು ಸಾಲಾಗಿ ಬರೆದು ಕಳಿಸಿದರೆ, ಬೇರೆಡೆ ಅದನ್ನು ತೂತುಗಳಾಗಿ ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದರು. ಮೇಜು, ಪೆನ್ಸಿಲು, ಟೆಲಿಫೋನು ಇದ್ದರೆ ಸಾಕು. ಮಗು ಮಲಗಿದ ಮೇಲೆ ಬರೆಯಬಹುದಿತ್ತು. ಹೀಗೆ ಮನೆ ಮನೆಯಲ್ಲಿ ಕೂತ ಹೆಂಗಸರು ಗೂಡ್ಸ್ ರೈಲುಗಳ ವೇಳಾಪಟ್ಟಿ ಹೆಣೆದರು, ಕಾಂಕಾರ್ಡ್ ವಿಮಾನದ ಕಪ್ಪು ಪೆಟ್ಟಿಗೆಯ ಪ್ರೋಗ್ರಾಂ ಬರೆದರು. ಆ ತಂಡದ ಆನ್ ಮಾಫಟ್ ಪಕ್ಕದಲ್ಲಿ ಎಳೆಮಗುವನ್ನಿಟ್ಟುಕೊಂಡು ಬರೆಯುತ್ತಿರುವ 1960ರ ದಶಕದ ಫೋಟೋ ಒಂದಿದೆ. ನಮ್ಮಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತಾ ಅಕ್ಕಿ ಆರಿಸುವ ಹೆಂಗಸರನ್ನು ನೋಡಿದವರಿಗೆ ಆ ಭಂಗಿ ಹೊಸದಲ್ಲ. ಇನ್ನು ಶರ್ಲಿಯವರಂತೂ ಟೈಪ್ ಮಾಡುವ ಸದ್ದನ್ನು ಟೇಪಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಗಿರಾಕಿಯ ಫೋನ್ ಬಂದಾಗ ಅದನ್ನು ಹಾಕಿದರೆ ಮಗುವಿನ ಗಲಾಟೆ ಮುಚ್ಚಿಹೋಗಿ, ಅತ್ತಲಿನವರಿಗೆ ದೊಡ್ಡ ಕಚೇರಿ ಎನ್ನಿಸುತ್ತಿತ್ತು.

ಮದುವೆಯಾದರೆ ಕೆಲಸ ಬಿಡಬೇಕೆಂಬುದು ಅಲ್ಲಿ ಬರೀ ರೂಢಿಯಾಗಿರಲಿಲ್ಲ. ಬ್ರಿಟನ್ನಿನ ವಿದೇಶಾಂಗ ಸೇವೆಯಲ್ಲಿ 1973ರವರೆಗೂ ಅದೇ ನಿಯಮವಿತ್ತು. ನಮ್ಮ ದೇಶವೂ ಇದರಿಂದ ಹೊರತಲ್ಲ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. 1949ರಲ್ಲಿ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮುಂದೆ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಅಂಥ ನಿಯಮಗಳ ತಾರತಮ್ಯವನ್ನು ಎತ್ತಿ ತೋರಿಸಿತು. ಹಾಳೆಯ ನಡುವಿನ ಖಾಲಿ ಜಾಗ ತಾನಾಗಿ ಬಿದ್ದದ್ದಲ್ಲ. ನಿಯಮ ಮಾಡಿ ಬಿಡಿಸಿದ್ದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಶರ್ಲಿಯವರ ಮೊದಲ 300 ಮಂದಿ ಸಿಬ್ಬಂದಿಯಲ್ಲಿ ಗಂಡಸರು ಮೂವರೇ. 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯದ ವಿರುದ್ಧ ಕಾನೂನು ಬಂತು. ಹೆಂಗಸರಿಗಾಗಿ ಬಂದ ಕಾನೂನು, ಹೆಂಗಸರಿಗಷ್ಟೇ ಕೆಲಸ ಕೊಡುವ ಈ ನೀತಿಯನ್ನೇ ನಿಲ್ಲಿಸಿತು! ಗಂಡಸರೂ ಬಂದರು, ಕಂಪನಿ ಬೆಳೆಯಿತು. ಆಕೆ ತಮ್ಮ ಪಾಲನ್ನು ನೌಕರರಿಗೆ ಹಂಚುತ್ತಾ ಬಂದರು. ಮುಂದೆ ಷೇರುಗಳ ಬೆಲೆ ಏರಿದಾಗ ಅವರಲ್ಲಿ 70 ಮಂದಿ ತಲಾ ಹತ್ತು ಲಕ್ಷ ಪೌಂಡಿಗೂ ಮಿಕ್ಕಿದ ಆಸ್ತಿಯ ಒಡೆಯರಾದರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಹಣ ಮಾಡಿದವರ ಕಥೆಯಾದೀತು. ಆಕೆಗೆ ಒಬ್ಬನೇ ಮಗ, ಜೈಲ್ಸ್. ಕಂಪನಿ ತೆರೆದ ಮರುವರ್ಷ, 1963ರಲ್ಲಿ ಹುಟ್ಟಿದವನು. ಎರಡೂವರೆ ವರ್ಷದ ಹೊತ್ತಿಗೆ ಆಡುತ್ತಿದ್ದ ನಾಲ್ಕು ಮಾತೂ ಅವನಿಂದ ಹೊರಟುಹೋಯಿತು. ತೀವ್ರವಾದ ಆಟಿಸಂ. ಮತ್ತೆಂದೂ ಅವನು ಮಾತಾಡಲಿಲ್ಲ. ಬೆಳೆದಂತೆ ಅವನನ್ನು ಹಿಡಿಯುವುದು ಕಷ್ಟವಾಯಿತು. ಒಮ್ಮೆ ತಾಯಿಯೇ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಮಗನೂ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಉಳಿದ. ಕಂಪನಿಯ ಲೆಕ್ಕಪತ್ರಗಳಲ್ಲಿ ಈ ವರ್ಷಗಳು ಎಲ್ಲಿ ಕಾಣಬೇಕು?

ಆದರೆ ಆಕೆಯ ಮುಂದಿನ ಬದುಕಿಗೆ ಹಿನ್ನೆಲೆಯಾದದ್ದು ಈ ವರ್ಷಗಳೇ. ಜೈಲ್ಸ್‌ನಂಥವರು ಆಸ್ಪತ್ರೆಯ ವಾರ್ಡಿನಲ್ಲಲ್ಲ, ಮನೆಯಂಥ ಮನೆಯಲ್ಲಿ ಬದುಕಬೇಕೆಂದು ಕಿಂಗ್‌ವುಡ್ ಟ್ರಸ್ಟ್ ಕಟ್ಟಿದರು. 1993ರಲ್ಲಿ ಕಂಪನಿಯಿಂದ ನಿವೃತ್ತರಾಗಿ ಪೂರ್ತಿ ಇದಕ್ಕೇ ತೊಡಗಿದರು. 1998ರಲ್ಲಿ ಜೈಲ್ಸ್ 35ನೇ ವಯಸ್ಸಿಗೆ ತೀರಿಕೊಂಡ. ಮರುವರ್ಷವೇ ಆಟಿಸಂ ಇರುವ ಮಕ್ಕಳಿಗಾಗಿ ಆಕೆ ಕಟ್ಟಿಸಿದ ಪ್ರಯರ್ಸ್ ಕೋರ್ಟ್ ಶಾಲೆ ಬಾಗಿಲು ತೆರೆಯಿತು. ಆಟಿಸಂ ಸಂಶೋಧನೆಗೆ ಹಣ ಕೊಟ್ಟರು, ಆಕ್ಸ್‌ಫರ್ಡಿನಲ್ಲಿ ಇಂಟರ್‌ನೆಟ್ ಅಧ್ಯಯನ ಸಂಸ್ಥೆ ಶುರುವಾಗಲು ನೆರವಾದರು. ಒಟ್ಟು ಕೊಟ್ಟದ್ದು ಸುಮಾರು 7 ಕೋಟಿ ಪೌಂಡ್. ಈ ದಾನದ ಹಿಂದೆ ಹಣವೊಂದೇ ಇರಲಿಲ್ಲ. ಮಾತಿಲ್ಲದ ಮಗನ ಜೊತೆ ಕಳೆದ ರಾತ್ರಿಗಳಿದ್ದವು. ಯಾವ ಮಕ್ಕಳಿಗೆ ಎಂಥ ಕೋಣೆ ಬೇಕು, ಎಂಥ ಆರೈಕೆ ಬೇಕು ಎಂದು ಆಕೆ ಕಲಿತದ್ದು ಅಲ್ಲಿ.

ಇದೆಲ್ಲ ಹೂವಿನ ಹಾಸಿಗೆ ಎಂದು ನಾನು ಹೇಳಲಾರೆ. ಮನೆಯಲ್ಲೇ ಕೂತು ದುಡಿಯುವ ಹೆಂಗಸಿಗೆ ಅಡುಗೆಮನೆಯೇನೂ ರಜ ಕೊಡುವುದಿಲ್ಲ. ಎರಡೂ ಕೆಲಸ ಅವಳ ಮೇಲೇ. 2020ರಲ್ಲಿ ಕೊರೊನಾ ಬಂದು ಊರಿಗೆ ಊರೇ ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡಿದಾಗ, ನಮ್ಮ ಹುಡುಗಿಯರು ಮೀಟಿಂಗಿನ ನಡುವೆ ಕುಕ್ಕರ್ ಸೀಟಿ ಎಣಿಸಿದ್ದನ್ನು ನಾನೇ ನೋಡಿದ್ದೇನೆ. ಶರ್ಲಿಯವರ ಕಾಲದಲ್ಲೂ ಮನೆಗೆಲಸ ಹೆಂಗಸರ ಹೆಗಲಿನಿಂದ ಇಳಿಯಲಿಲ್ಲ. ಆದರೆ ಆ ಹೆಗಲಿನ ಮೇಲೊಂದು ಬುದ್ಧಿವಂತ ತಲೆಯೂ ಇದೆ ಎಂಬುದನ್ನು ಆಕೆ ಮರೆಯಲಿಲ್ಲ.

ಶರ್ಲಿಯವರು 2025ರ ಆಗಸ್ಟ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಂಪನಿ ಹೆಸರು ಬದಲಿಸುತ್ತಾ ಹೋಗಿ, 2007ರಲ್ಲಿ ಬೇರೊಂದು ಕಂಪನಿಯ ಪಾಲಾಯಿತು. ಉಳಿದದ್ದು ಜನರನ್ನು ಅಳೆಯುವ ಅವರ ರೀತಿ. ಕೆಲಸ ಕೊಡುವ ಕುರ್ಚಿಯಲ್ಲಿ ಇಂದು ನಮ್ಮ ಹೆಣ್ಣುಮಕ್ಕಳೂ ಕೂತಿದ್ದಾರೆ. ಎದುರಿಗೆ ಕೂತವಳ ಹಾಳೆಯಲ್ಲಿ ಖಾಲಿ ವರ್ಷಗಳು ಕಂಡಾಗ, ಯಾಕೆ ಬಿಟ್ಟೆ ಎಂದು ಕೇಳುವ ಮೊದಲು, ಆಗ ಏನೇನು ಕಲಿತೆ ಎಂದು ಕೇಳಿ ನೋಡಲಿ. ಉತ್ತರ ಹೇಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾದೀತು. ಇದುವರೆಗೆ ಅವಳನ್ನು ಯಾರೂ ಹಾಗೆ ಕೇಳಿರುವುದಿಲ್ಲ.